ಬಂಡೆಯ ಬಿಸಿ ಮನೆಗೆ: ಸ್ವೀಡನ್ನಿನಲ್ಲಿ ಬೋರ್ ಕೊರೆಸುವ ಮುನ್ನ

ನಮ್ಮ ಅಂಗಳದಲ್ಲಿ ರಿಗ್ ನಿಂತಿದ್ದ ದಿನ ಕೋಲಾರದಿಂದ ಅಪ್ಪ ವಿಡಿಯೋ ಕಾಲ್ ಮಾಡಿದ್ದರು. ಹ್ಯಾಮರಿನ ಸದ್ದು, ಚಿಮ್ಮುವ ಬೂದು ಕೆಸರು, ಒಂದರ ಹಿಂದೆ ಒಂದು ಇಳಿಯುವ ರಾಡು, ಎಲ್ಲವೂ ಅವರು ಕಂಡದ್ದೇ. ಎಷ್ಟು ಅಡಿ ಆಯಿತು ಎಂದು ಕೇಳಿದರು. ನಾನೂರು ದಾಟಿತು ಅಂದೆ. "ನೀರು ಬಿತ್ತೇನೋ?" ಎಂಬುದು ಎರಡನೇ ಪ್ರಶ್ನೆ. ತೊಂಬತ್ತಡಿಗೇ ಬಿತ್ತಪ್ಪಾ, ಆದರೆ ನಮಗೆ ಬೇಕಾಗಿರುವುದು ನೀರಲ್ಲ, ಬಂಡೆಯೊಳಗಿನ ಬಿಸಿ ಎಂದಾಗ ಅವರು ಬಹಳ ಹೊತ್ತು ಮಾತಾಡಲಿಲ್ಲ. ನಾಲ್ಕು ಬೋರ್ ಕೊರೆಸಿ ಮೂರರಲ್ಲಿ ಬರೀ ಧೂಳು ಕಂಡ ರೈತ ಅವರು. ನೀರು ಬಿದ್ದ ಮೇಲೂ ಕೊರೆಯುತ್ತಲೇ ಇರುವವರನ್ನು ನೋಡುವುದು ಅವರಿಗೆ ಸುಲಭವಾಗಿರಲಿಲ್ಲ.

ಸ್ಟಾಕ್‌ಹೋಮ್, ಗೋಥೆನ್‌ಬರ್ಗ್ ಸುತ್ತಮುತ್ತ ಮನೆ ಕೊಳ್ಳುತ್ತಿರುವ ಕನ್ನಡದ ಕುಟುಂಬಗಳಿವೆ. ಬಂದ ಹೊಸತರಲ್ಲಿ ಅಪಾರ್ಟ್‌ಮೆಂಟಿನಲ್ಲಿರುವಾಗ ಬಿಸಿ ಎಲ್ಲಿಂದ ಬರುತ್ತದೆ ಎಂದು ಯೋಚಿಸುವ ಪ್ರಮೇಯ ಸಾಮಾನ್ಯವಾಗಿ ಬರುವುದಿಲ್ಲ, ಅದು ಬಾಡಿಗೆಯಲ್ಲೇ ಸೇರಿರುತ್ತದೆ. ಸ್ವಂತ ಮನೆಯ ಮೊದಲ ಜನವರಿ ಬಿಲ್ ಕೈಗೆ ಬಂದ ಮೇಲೆ ಗೆಳೆಯರ ಫೋನು ಶುರುವಾಗುತ್ತದೆ. ಯಾವ ಕಂಪನಿಯ ಹೀಟ್ ಪಂಪ್ ಒಳ್ಳೆಯದು? ಎಷ್ಟು ಕಿಲೋವ್ಯಾಟ್ ಬೇಕು? ಎಲ್ಲರೂ ಕೇಳುವುದು ಯಂತ್ರದ ಬಗ್ಗೆ. ಬೋರಿನ ಬಗ್ಗೆ ಕೇಳಿದವರು ಈವರೆಗೆ ಒಬ್ಬರೋ ಇಬ್ಬರೋ. ಯಂತ್ರ ಹದಿನೈದು ಇಪ್ಪತ್ತು ವರ್ಷಕ್ಕೆ ಹಳತಾಗುತ್ತದೆ, ಹೊಸದು ಬರುತ್ತದೆ. ಬೋರ್ ಮಾತ್ರ ನಿಮ್ಮ ಮಕ್ಕಳ ಕಾಲಕ್ಕೂ ಅಲ್ಲೇ ಇರುತ್ತದೆ. ಯೋಚನೆ ಮೊದಲು ಮನೆಯ ಮೇಲೆ, ಆಮೇಲೆ ಬೋರಿನ ಮೇಲೆ, ಕೊನೆಗೆ ಯಂತ್ರದ ಮೇಲೆ ಹೋಗಬೇಕು. ಈ ಬರಹವೂ ಅದೇ ಕ್ರಮದಲ್ಲಿದೆ.

ಅದಕ್ಕೂ ಮುಂಚೆ, ಇದು ಕೆಲಸ ಮಾಡುವುದು ಹೇಗೆ ಎಂಬುದು ಗೊತ್ತಿರಬೇಕು. ಧನುರ್ಮಾಸದ ಬೆಳಗಿನ ಜಾವ ಬಾವಿಯಿಂದ ಸೇದಿದ ನೀರು ಬೆಚ್ಚಗಿರುತ್ತದೆ, ಅದೇ ನೀರು ಏಪ್ರಿಲ್ ಮಧ್ಯಾಹ್ನ ತಣ್ಣಗಿರುತ್ತದೆ. ಬದಲಾದದ್ದು ನೀರಲ್ಲ, ಹೊರಗಿನ ಗಾಳಿ. ನೆಲದೊಳಗೆ ಹದಿನೈದು ಮೀಟರ್ ಇಳಿದರೆ ಬೇಸಿಗೆ ಚಳಿಗಾಲಗಳ ವ್ಯತ್ಯಾಸ ಅಳಿಸಿಹೋಗಿ, ಆ ಊರಿನ ವರ್ಷದ ಸರಾಸರಿ ತಾಪಮಾನದ ಆಸುಪಾಸಿನಲ್ಲಿ ನೆಲ ನಿಲ್ಲುತ್ತದೆ. ಸ್ಟಾಕ್‌ಹೋಮ್ ಕಡೆ ಅದು ಸುಮಾರು 8 ಡಿಗ್ರಿ. ದೇಶದ ಉತ್ತರ ತುದಿಯಲ್ಲಿ ಇನ್ನೂ ಕಡಿಮೆ, ದಕ್ಷಿಣದಲ್ಲಿ ತುಸು ಹೆಚ್ಚು. ಆಳಕ್ಕೆ ಹೋದಂತೆ ಪ್ರತಿ 100 ಮೀಟರಿಗೆ ಒಂದೂವರೆ ಎರಡು ಡಿಗ್ರಿ ಏರುತ್ತದೆ, ಅಷ್ಟೇ. ಐಸ್‌ಲ್ಯಾಂಡಿನ ಹಾಗೆ ಕುದಿಯುವ ನೀರೇನೂ ಇಲ್ಲಿ ಸಿಗುವುದಿಲ್ಲ. ನಾವು ಎತ್ತಿಕೊಳ್ಳುವುದು ಬಹುಪಾಲು ಬೇಸಿಗೆಯ ಸೂರ್ಯ ನೆಲದಲ್ಲಿ ಕೂಡಿಟ್ಟ ಶಾಖ.

8 ಡಿಗ್ರಿಯ ಬಂಡೆಯಿಂದ 21 ಡಿಗ್ರಿಯ ಮನೆ ಹೇಗೆ? ಬೋರಿನೊಳಗೆ ಒಂದು ಪ್ಲಾಸ್ಟಿಕ್ ಪೈಪು ಕೆಳಗಿನವರೆಗೆ ಇಳಿದು, ತಿರುಗಿ ಮೇಲೆ ಬರುತ್ತದೆ. ಅದರಲ್ಲಿ ಎಥನಾಲ್ ಬೆರೆಸಿದ ನೀರು ಸುತ್ತುತ್ತಿರುತ್ತದೆ. ಎಥನಾಲ್ ಇರುವುದರಿಂದ ಅದು ಸೊನ್ನೆಯ ಕೆಳಗೂ ಹೆಪ್ಪುಗಟ್ಟುವುದಿಲ್ಲ. ನಡುಚಳಿಗಾಲದಲ್ಲಿ ಮೈನಸ್ 3ರಲ್ಲಿ ಇಳಿದ ದ್ರವ ಸೊನ್ನೆಗೆ ಬಂದು ಮೇಲೇರುತ್ತದೆ. ಆ ಮೂರು ಡಿಗ್ರಿಯೇ ನಮ್ಮ ಗಳಿಕೆ. ಯಂತ್ರದೊಳಗಿನ ರೆಫ್ರಿಜರೆಂಟ್ ಅಷ್ಟು ತಣ್ಣಗಿನ ದ್ರವದ ಸಂಗದಲ್ಲೂ ಕುದಿದು ಆವಿಯಾಗುತ್ತದೆ. ಕಂಪ್ರೆಸರ್ ಆ ಆವಿಯನ್ನು ಹಿಂಡಿದಾಗ ಬಿಸಿ ಐವತ್ತು ಅರವತ್ತು ಡಿಗ್ರಿಗೆ ಏರುತ್ತದೆ. ಆ ಬಿಸಿಯನ್ನು ರೇಡಿಯೇಟರ್ ನೀರಿಗೆ ಕೊಟ್ಟು ಆವಿ ಮತ್ತೆ ದ್ರವವಾಗುತ್ತದೆ, ಕಿರಿದಾದ ವಾಲ್ವಿನಲ್ಲಿ ಹಾದು ತಣ್ಣಗಾಗಿ ಮತ್ತೆ ಕುದಿಯಲು ಬರುತ್ತದೆ. ಫ್ರಿಜ್ಜಿನ ಹಿಂಬದಿ ಮುಟ್ಟಿ ನೋಡಿದವರಿಗೆ ಇದು ಹೊಸದಲ್ಲ. ಕರೆಂಟು ಬೇಕಾಗುವುದು ಹಿಂಡುವುದಕ್ಕೆ ಮತ್ತು ದ್ರವ ಸುತ್ತಿಸುವುದಕ್ಕೆ ಮಾತ್ರ. ಒಂದು ಯೂನಿಟ್ ಕರೆಂಟ್ ಖರ್ಚು ಮಾಡಿದರೆ ಬಂಡೆಯಿಂದ ಎರಡು ಮೂರು ಯೂನಿಟ್ ಶಾಖ ಜೊತೆಗೂಡಿ ಮನೆಗೆ ಮೂರು ನಾಲ್ಕು ಯೂನಿಟ್ ಸಿಗುತ್ತದೆ.

ನೆಲದ ಶಾಖವನ್ನು ಹೀಗೆ ಎತ್ತಬಹುದೆಂದು ಸ್ವಿಟ್ಜರ್ಲೆಂಡಿನ ಹೈನ್ರಿಕ್ ಝೋಲಿ 1912ರಲ್ಲೇ ಪೇಟೆಂಟ್ ಪಡೆದಿದ್ದ. ಮನೆಮನೆಗೆ ಬರಲು 1973ರ ತೈಲ ಬಿಕ್ಕಟ್ಟು ಬೇಕಾಯಿತು. ಆಗ ಸ್ವೀಡನ್ನಿನ ಮನೆಗಳ ನೆಲಮಾಳಿಗೆಗಳಲ್ಲಿ ಎಣ್ಣೆ ಬಾಯ್ಲರ್ ಇರುತ್ತಿತ್ತು. ಇಂದು ಐದು ಲಕ್ಷಕ್ಕೂ ಹೆಚ್ಚು ನೆಲಶಾಖದ ಪಂಪ್‌ಗಳು ಈ ದೇಶದಲ್ಲಿವೆ, ಒಂದು ಕೋಟಿಯಷ್ಟೇ ಜನಸಂಖ್ಯೆಯ ದೇಶದಲ್ಲಿ. ಇದಕ್ಕೆ ಸ್ವೀಡಿಷರು ಕರೆಯುವ ಹೆಸರು ಬೆರಿವ್ಯಾರ್ಮೆ, ಅಂದರೆ ಬಂಡೆಯ ಬಿಸಿ. ನೆಲವೂ ಅವರಿಗೆ ಒಲಿದಿದೆ. ಸ್ಟಾಕ್‌ಹೋಮಿನ ಕೆಳಗಿರುವುದು 180 ಕೋಟಿ ವರ್ಷಕ್ಕೂ ಹಳೆಯ ಗ್ರಾನೈಟ್, ನೈಸ್ ಶಿಲೆ. ಕೋಲಾರದ ಬಂಡೆ ಅದಕ್ಕಿಂತಲೂ ಹಿರಿಯದು, ಆದರೆ ಜಾತಿ ಒಂದೇ. ನಮ್ಮ ಕಡೆ ಬೋರಿನವರು ಶಪಿಸುವ ಆ ಗಟ್ಟಿಕಲ್ಲು ಶಾಖವನ್ನು ಒಣ ಮರಳಿಗಿಂತ ಹಲವು ಪಟ್ಟು ಚೆನ್ನಾಗಿ ಹರಿಸುತ್ತದೆ.

ಮೊದಲು ಮನೆ ನೋಡಿ

ಕೊಳ್ಳಲಿರುವ ಮನೆಯಲ್ಲಿ ರೇಡಿಯೇಟರ್ ಮುಟ್ಟಿ ನೋಡಿ, ಅದಕ್ಕೆ ಪೈಪು ಬಂದಿದೆಯೇ ಅಥವಾ ಬರೀ ವೈರೇ ಎಂದು ಬಗ್ಗಿ ನೋಡಿ. 1970ರ ದಶಕದಲ್ಲಿ ಕಟ್ಟಿದ ಬಹಳಷ್ಟು ಮನೆಗಳಲ್ಲಿ ಗೋಡೆಗೆ ನೇರವಾಗಿ ಕರೆಂಟ್ ಹೀಟರುಗಳನ್ನೇ ಕೂರಿಸಿದ್ದಾರೆ. ಕರೆಂಟು ಅಗ್ಗವಿದ್ದ ಕಾಲದ ನಿರ್ಧಾರ ಅದು. ಅಂಥ ಮನೆಯಲ್ಲಿ ನೀರು ಸುತ್ತುವ ಪೈಪುಗಳೇ ಇಲ್ಲ. ಬೋರ್ ಕೊರೆಸಿದರೂ ಆ ಬಿಸಿ ಕೋಣೆಗಳಿಗೆ ಹೋಗಲು ದಾರಿಯಿಲ್ಲ. ಇಡೀ ಮನೆಗೆ ಪೈಪು, ರೇಡಿಯೇಟರ್ ಹಾಕಿಸುವ ಖರ್ಚು ಸೇರಿಸಿದರೆ ಲೆಕ್ಕ ತಲೆಕೆಳಗಾಗುತ್ತದೆ. ಅಲ್ಲಿ ಗೋಡೆಗೆ ಹಾಕುವ ಗಾಳಿ ಹೀಟ್ ಪಂಪ್ ಒಂದೆರಡು ಸಾಕು ಎಂಬುದು ನನ್ನ ಅಭಿಪ್ರಾಯ. ಬೋರಿನ ಖರ್ಚಿನ ಒಂದು ಸಣ್ಣ ಪಾಲಿನಲ್ಲಿ ಅದು ಮುಗಿಯುತ್ತದೆ.

ಬೀದಿಯಲ್ಲಿ ಊರಿನ ಸಾಮೂಹಿಕ ಬಿಸಿನೀರಿನ ಕೊಳವೆ ಹಾದುಹೋಗಿ, ಮನೆ ಅದಕ್ಕೆ ಜೋಡಿಸಿಯಾಗಿದ್ದರೆ ಅದನ್ನು ಕಿತ್ತು ಬೋರ್ ಹಾಕಿಸುವ ಮುಂಚೆ ಎರಡು ಸಲ ಯೋಚಿಸಿ. ಆ ಕೊಳವೆಯ ಬಿಸಿಯಲ್ಲಿ ನಿಮಗೆ ತಲೆನೋವು ಏನೂ ಇಲ್ಲ. ಬೋರಿನಿಂದ ನಿಜವಾಗಿ ಲಾಭವಾಗುವುದು ನೀರಿನ ರೇಡಿಯೇಟರ್ ಇದ್ದು, ಹಳೆಯ ಎಣ್ಣೆ, ಪೆಲೆಟ್ ಅಥವಾ ಕರೆಂಟ್ ಬಾಯ್ಲರಿನಿಂದ ಕಾಯುತ್ತಿರುವ ದೊಡ್ಡ ಮನೆಗೆ.

ಮಾರುವವರು ಮನೆಯ ಎನರ್ಜಿ ಡಿಕ್ಲರೇಶನ್ ತೋರಿಸಲೇಬೇಕು, ಕಾನೂನು ಹಾಗಿದೆ. ಮನೆಗೆ ವರ್ಷಕ್ಕೆ ಎಷ್ಟು ಶಕ್ತಿ ಬೇಕೆಂಬುದು ಅದರಲ್ಲಿರುತ್ತದೆ. ಅದರ ಜೊತೆ ಹಿಂದಿನ ಎರಡು ಮೂರು ವರ್ಷದ ಬಿಲ್ಲುಗಳನ್ನೂ ಕೇಳಿ ಪಡೆಯಿರಿ. ಬಾಯ್ಲರ್ ಇರುವ ಮನೆಯಾದರೆ ಒಂದು ಪರೀಕ್ಷೆ ನೀವೇ ಮಾಡಬಹುದು: ಹೊರಗೆ ಮೈನಸ್ ಹತ್ತು ಇರುವ ವಾರದಲ್ಲಿ ರೇಡಿಯೇಟರಿಗೆ ಹೋಗುವ ನೀರನ್ನು 50 ಡಿಗ್ರಿಗೆ ಇಳಿಸಿ ಎರಡು ದಿನ ಬಿಡಿ. ಕೋಣೆಗಳು 20ರಲ್ಲೇ ನಿಂತರೆ ನಿಮ್ಮ ಮನೆ ಹೀಟ್ ಪಂಪಿಗೆ ಸಿದ್ಧವಾಗಿದೆ. ಒಂದೇ ಕೋಣೆ ತಣ್ಣಗಾದರೆ ಆ ಕೋಣೆಯ ರೇಡಿಯೇಟರ್ ಮಾತ್ರ ದೊಡ್ಡದು ಮಾಡಿಸಿ. ಇಡೀ ಮನೆ ತಣ್ಣಗಾದರೆ ಅಟ್ಟ ಹತ್ತಿ ನೋಡಿ. ಹಳೆಯ ಮನೆಗಳ ಅಟ್ಟದಲ್ಲಿ ಉಣ್ಣೆಯಂಥ ಇನ್ಸುಲೇಶನ್ ಗೇಣುದ್ದವೂ ಇರುವುದಿಲ್ಲ. ಅದನ್ನು ಹೆಚ್ಚಿಸುವುದು ಒಂದು ದಿನದ ಕೆಲಸ, ಖರ್ಚೂ ಕಡಿಮೆ. ನಾವೂ ಅಟ್ಟದ ಕೆಲಸ ಮುಗಿಸಿಯೇ ಬೋರಿನ ಕೊಟೇಶನ್ ಕೇಳಿದ್ದು. ಮನೆ ಕಡಿಮೆ ಬಿಸಿ ಬೇಡಿದಷ್ಟೂ ಬೋರಿಗೆ ಕಡಿಮೆ ಆಳ ಸಾಕು, ಯಂತ್ರವೂ ಚಿಕ್ಕದು ಸಾಕು.

ನೀರು ಎಷ್ಟು ಬಿಸಿಯಾಗಿ ಹೊರಡಬೇಕು ಎಂಬುದು ಯಾಕಿಷ್ಟು ಮುಖ್ಯ? ಬೋರಿನಿಂದ ಬರುವ ದ್ರವದ ಸೊನ್ನೆ ಡಿಗ್ರಿಯಿಂದ ರೇಡಿಯೇಟರಿನ ಬಿಸಿಯವರೆಗೆ ಏರಿಸುವ ಶ್ರಮವೇ ಕಂಪ್ರೆಸರಿನ ಕೆಲಸ. 35 ಡಿಗ್ರಿ ಸಾಕೆನ್ನುವ ನೆಲಹಾಸಿನ ಪೈಪುಗಳಿದ್ದರೆ ಏರು ಚಿಕ್ಕದು. 55 ಬೇಡುವ ಹಳೆಯ ರೇಡಿಯೇಟರಿಗೆ ಅದೇ ಯಂತ್ರ ಹೆಚ್ಚು ಕರೆಂಟು ತಿನ್ನುತ್ತದೆ. ನೀರಿನ ಬಿಸಿ ಒಂದು ಡಿಗ್ರಿ ಇಳಿದರೆ ಸುಮಾರು ಶೇಕಡ 2ರಷ್ಟು ಕರೆಂಟ್ ಉಳಿಯುತ್ತದೆ.

ದುಡ್ಡಿನ ಲೆಕ್ಕ

ಒಂದು ಮನೆಗೆ ಬಿಸಿ ಮತ್ತು ಸ್ನಾನದ ನೀರು ಸೇರಿ ವರ್ಷಕ್ಕೆ 24,000 ಯೂನಿಟ್ ಬೇಕು, ಈಗ ಕರೆಂಟ್ ಬಾಯ್ಲರ್ ಇದೆ ಎಂದಿಟ್ಟುಕೊಳ್ಳಿ. ವರ್ಷದ ಸರಾಸರಿಯಲ್ಲಿ ಒಂದಕ್ಕೆ ಮೂರೂವರೆ ಪಟ್ಟು ಕೊಡುವ ಪಂಪ್ ಹಾಕಿದರೆ ಖರ್ಚಾಗುವುದು ಸುಮಾರು 6,900 ಯೂನಿಟ್. ಉಳಿತಾಯ 17,100. ತೆರಿಗೆ, ಲೈನ್ ಶುಲ್ಕ ಎಲ್ಲ ಸೇರಿ ಯೂನಿಟ್ಟಿಗೆ ಒಂದೂವರೆ ಕ್ರೋನಾ ಹಿಡಿದರೆ ವರ್ಷಕ್ಕೆ 25,650 ಕ್ರೋನಾ. ಇಡೀ ಕೆಲಸಕ್ಕೆ ಎರಡು ಲಕ್ಷ ಕ್ರೋನಾ ಎಂದುಕೊಳ್ಳೋಣ. ಅದರಲ್ಲಿ ಕೂಲಿ 70,000 ಎಂದಾದರೆ ರೂಟ್ ಎಂಬ ತೆರಿಗೆ ರಿಯಾಯಿತಿಯಲ್ಲಿ ಅದರ ಶೇಕಡ 30, ಅಂದರೆ 21,000 ಕಡಿತವಾಗುತ್ತದೆ. ಉಳಿದ 1,79,000 ಹೆಚ್ಚುಕಡಿಮೆ ಏಳು ವರ್ಷದಲ್ಲಿ ಮರಳುತ್ತದೆ. ಆದರೆ ಮನೆಗೆ ಬೇಕಾದದ್ದೇ 12,000 ಯೂನಿಟ್ ಆಗಿದ್ದರೆ ಇದೇ ಖರ್ಚು ಮರಳಲು ಹದಿನಾಲ್ಕು ವರ್ಷ ಬೇಕು. ಚಿಕ್ಕ, ಹೊಸ, ಬಿಗಿಯಾಗಿ ಕಟ್ಟಿದ ಮನೆಗೆ ಬೋರ್ ಬೇಡ ಎಂದು ನಾನು ಹೇಳುವುದು ಇದಕ್ಕೇ.

ರೂಟ್ ರಿಯಾಯಿತಿಗೆ ಒಬ್ಬರಿಗೆ ವರ್ಷಕ್ಕೆ 50,000 ಕ್ರೋನಾ ಮಿತಿ ಇದೆ. ಕಂಪನಿಯವರೇ ಬಿಲ್ಲಿನಲ್ಲಿ ಕಳೆದು ತೆರಿಗೆ ಇಲಾಖೆಯಿಂದ ಪಡೆದುಕೊಳ್ಳುತ್ತಾರೆ. ಕಳೆಯಲು ಅಷ್ಟು ತೆರಿಗೆ ನೀವು ಆ ವರ್ಷ ಕಟ್ಟಿರಬೇಕು. ವರ್ಷದ ಕೊನೆಯಲ್ಲಿ ಬಂದಿಳಿದು ಎರಡು ತಿಂಗಳ ಸಂಬಳವಷ್ಟೇ ಪಡೆದವರು ಇದನ್ನು ಮರೆತರೆ ಆಮೇಲೆ ತೆರಿಗೆ ಇಲಾಖೆಗೆ ಹಣ ತಿರುಗಿ ಕಟ್ಟಬೇಕಾಗುತ್ತದೆ. ಗಂಡ ಹೆಂಡತಿ ಇಬ್ಬರ ಹೆಸರಿನಲ್ಲೂ ಮನೆ ಇದ್ದರೆ ರಿಯಾಯಿತಿ ಹಂಚಿಕೊಳ್ಳಬಹುದು.

ಪಾಯಿಂಟ್ ನೋಡುವವರು ಯಾರು?

ಅಪ್ಪ ಇದನ್ನೂ ಕೇಳಿದ್ದರು. ನಮ್ಮಲ್ಲಿ ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹೊಲ ಸುತ್ತುವವರು ಪಾಯಿಂಟ್ ತೋರಿಸುತ್ತಾರೆ. ಇಲ್ಲಿ ಜಾಗ ಗೊತ್ತುಮಾಡುವುದು ಅಳತೆಪಟ್ಟಿ. ಎರಡು ಬೋರ್‌ಗಳ ನಡುವೆ ಕನಿಷ್ಠ 20 ಮೀಟರ್ ಇರಬೇಕೆಂಬುದು ಸ್ವೀಡನ್ನಿನ ಭೂಗರ್ಭ ಸರ್ವೇಕ್ಷಣಾ ಸಂಸ್ಥೆಯ ಮಾರ್ಗದರ್ಶಿ. ಹಾಗಾಗಿ ನಿಮ್ಮ ಬೋರ್ ಪಕ್ಕದವರ ಗಡಿಯಿಂದ 10 ಮೀಟರ್ ದೂರವಿರಬೇಕು. ಹತ್ತಿರ ಕೊರೆದರೆ ಎರಡೂ ಬೋರ್‌ಗಳು ಒಂದೇ ಬಂಡೆಯ ಶಾಖವನ್ನು ಹಂಚಿಕೊಂಡು ಎರಡೂ ತಣ್ಣಗಾಗುತ್ತವೆ. ಒಂದೇ ಜಲಮೂಲಕ್ಕೆ ಅಕ್ಕಪಕ್ಕದ ಹೊಲದವರು ಬೋರ್ ಇಳಿಸಿದ ಹಾಗೆ. ಜಾಗ ಇಕ್ಕಟ್ಟಾಗಿದ್ದರೆ ಪಕ್ಕದವರ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಬೇಕು, ಮತ್ತು ಬೋರನ್ನು ಇನ್ನಷ್ಟು ಆಳಕ್ಕೆ ಕೊರೆಸಬೇಕು.

ಕೆಲಸಕ್ಕೆ ಆರು ವಾರ ಮುಂಚೆ ನಕ್ಷೆಯ ಸಮೇತ ಊರಿನ ಪರಿಸರ ಕಚೇರಿಗೆ ತಿಳಿಸಬೇಕು. ಕುಡಿಯುವ ನೀರಿನ ಸಂರಕ್ಷಿತ ಪ್ರದೇಶದಲ್ಲಿ ತಿಳಿಸಿದರೆ ಸಾಲದು, ಅನುಮತಿ ಬೇಕು. ಸ್ಟಾಕ್‌ಹೋಮಿನ ಕೆಲವು ಬಡಾವಣೆಗಳ ಅಡಿಯಲ್ಲಿ ಮೆಟ್ರೋ, ರಸ್ತೆ ಮತ್ತು ಒಳಚರಂಡಿ ಸುರಂಗಗಳಿವೆ, ಅಲ್ಲಿ ಕೊರೆಯಲು ಬಿಡದೇ ಇರಬಹುದು. ಕೇಬಲ್, ಪೈಪು ಎಲ್ಲೆಲ್ಲಿ ಹಾದಿವೆ ಎಂದು ತಿಳಿಯಲು ಲೆಡ್ನಿಂಗ್ಸ್‌ಕೊಲ್ಲೆನ್ ಎಂಬ ಉಚಿತ ಸೇವೆ ಇದೆ.

ಈಗ ಕೊಟೇಶನ್ನಿನಲ್ಲಿ ಅಡಗಿರುವ ಮುಖ್ಯ ಮಾತು: ಕೇಸಿಂಗ್. ಮಣ್ಣಿನ ಪದರ ದಾಟಿ ಗಟ್ಟಿ ಬಂಡೆಯೊಳಗೆ ಕನಿಷ್ಠ 2 ಮೀಟರ್, ಒಟ್ಟು 6 ಮೀಟರಿಗೆ ಕಡಿಮೆಯಿಲ್ಲದಂತೆ ಉಕ್ಕಿನ ಕೇಸಿಂಗ್ ಇಳಿಸಿ ಸುತ್ತ ಸೀಲ್ ಮಾಡಬೇಕು. ಮೇಲಿನ ಕೊಳೆನೀರು ಅಂತರ್ಜಲಕ್ಕೆ ಇಳಿಯಬಾರದು ಎಂಬುದು ಇದರ ಉದ್ದೇಶ. ಕಂಪನಿಗಳು ಹೇಳುವ ಒಟ್ಟು ದರದಲ್ಲಿ ಇಂತಿಷ್ಟೇ ಮೀಟರ್ ಕೇಸಿಂಗ್ ಸೇರಿರುತ್ತದೆ. ನಿಮ್ಮ ಜಾಗದಲ್ಲಿ ಮಣ್ಣೇ 25 ಮೀಟರ್ ಇದ್ದರೆ ಉಳಿದ ಪ್ರತಿ ಮೀಟರಿಗೂ ಬೇರೆ ದುಡ್ಡು. ಬಿಲ್ ಕೈಗೆ ಬಂದಾಗ ಗಾಬರಿಯಾಗುವುದು ಹೆಚ್ಚಾಗಿ ಇಲ್ಲಿಯೇ. ದಕ್ಷಿಣದ ಸ್ಕೋನೆ ಪ್ರಾಂತ್ಯದಲ್ಲಂತೂ ಮಣ್ಣಿನ ಪದರ ಹಲವೆಡೆ ಬಹಳ ದಪ್ಪ. ಇದನ್ನು ಮೊದಲೇ ತಿಳಿಯುವ ದಾರಿಯೂ ಇದೆ. ಕೊರೆದ ಪ್ರತಿ ಬೋರಿನ ವಿವರವನ್ನು ಡ್ರಿಲ್ಲಿಂಗಿನವರು ಭೂಗರ್ಭ ಸಂಸ್ಥೆಗೆ ಒಪ್ಪಿಸಬೇಕೆಂಬ ಕಾನೂನು 1970ರ ದಶಕದಿಂದಲೂ ಇದೆ. ಆ ದಾಖಲೆ ಸಂಸ್ಥೆಯ ನಕ್ಷೆಯಲ್ಲಿ ಎಲ್ಲರಿಗೂ ತೆರೆದಿದೆ. ನಿಮ್ಮ ಬೀದಿಯ ನಾಲ್ಕಾರು ಬೋರ್‌ಗಳ ಮೇಲೆ ಒತ್ತಿ ನೋಡಿದರೆ ಬಂಡೆ ಎಷ್ಟು ಆಳಕ್ಕೆ ಸಿಕ್ಕಿತು, ನೀರು ಎಲ್ಲಿ ನಿಂತಿದೆ, ಒಟ್ಟು ಆಳ ಎಷ್ಟು ಎಂಬುದು ಸಿಗುತ್ತದೆ. ಇಂಥದೊಂದು ದಾಖಲೆ ಕೋಲಾರದಲ್ಲಿ ರೈತನ ಕೈಗೆ ಸಿಗುವಂತಿದ್ದರೆ ಎಷ್ಟು ಮನೆಗಳ ಸಾಲ ಉಳಿಯುತ್ತಿತ್ತೋ ಎಂದು ಆ ನಕ್ಷೆ ನೋಡುತ್ತ ನನಗೆ ಅನ್ನಿಸಿದ್ದುಂಟು.

ಆಳದ ವಿಷಯದಲ್ಲಿ ಚೌಕಾಸಿ ಮಾಡಬೇಡಿ. ಮೇಲೆ ಹೇಳಿದ ಮನೆ ವರ್ಷಕ್ಕೆ ಬಂಡೆಯಿಂದ ಎತ್ತುವುದು 17,000 ಯೂನಿಟ್. ಅಂಥದಕ್ಕೆ ಸ್ಟಾಕ್‌ಹೋಮ್ ಸುತ್ತ 180ರಿಂದ 200 ಮೀಟರ್, ಅಂದರೆ ಆರುನೂರು ಆರುನೂರೈವತ್ತು ಅಡಿ, ಸಾಮಾನ್ಯ. ಮೂವತ್ತು ಮೀಟರ್ ಕಡಿಮೆ ಮಾಡಿ ದರ ತಗ್ಗಿಸಿದ ಕೊಟೇಶನ್ ಬಂದರೆ ಖುಷಿಪಡಬೇಡಿ. ಬೋರ್ ಚಿಕ್ಕದಾದರೆ ಮೊದಲ ಚಳಿಗಾಲದಲ್ಲಿ ಏನೂ ಗೊತ್ತಾಗುವುದಿಲ್ಲ. ಬೇಸಿಗೆಯಲ್ಲಿ ಬಂಡೆ ಪೂರ್ತಿ ಚೇತರಿಸಿಕೊಳ್ಳದೆ ವರ್ಷದಿಂದ ವರ್ಷಕ್ಕೆ ತಣ್ಣಗಾಗುತ್ತ ಹೋಗುತ್ತದೆ, ಕರೆಂಟು ಏರುತ್ತ ಹೋಗುತ್ತದೆ. ಕೊನೆಗೆ ಬೋರಿನೊಳಗಿನ ನೀರೇ ಹೆಪ್ಪುಗಟ್ಟಿ ಪೈಪನ್ನು ಅಮುಕಿಬಿಡಬಹುದು. ಇನ್ನೊಂದು ಸೂಕ್ಷ್ಮವಿದೆ. ಗಟ್ಟಿ ಬಂಡೆಯ ಈ ಬೋರ್‌ಗಳಲ್ಲಿ ಪೈಪಿನ ಸುತ್ತ ಇರುವುದು ಅಂತರ್ಜಲ, ಬಂಡೆಯ ಶಾಖ ಪೈಪಿಗೆ ಬರುವುದು ಅದರ ಮೂಲಕ. ನೀರಿನ ಮಟ್ಟಕ್ಕಿಂತ ಮೇಲಿರುವ ಖಾಲಿ ಭಾಗ ಲೆಕ್ಕಕ್ಕಿಲ್ಲ. ಆದ್ದರಿಂದ ಕೊಟೇಶನ್ನಿನಲ್ಲಿ ಒಟ್ಟು ಆಳವಲ್ಲ, ನೀರಿನ ಮಟ್ಟದಿಂದ ಕೆಳಗಿನ ಆಳವನ್ನು ಬರೆಸಿಕೊಳ್ಳಿ. ಅಪ್ಪನಿಗೆ ಇದನ್ನು ಹೇಳಿದಾಗ ಅವರ ಮುಖ ಅರಳಿತು. ನೀರು ಬಿದ್ದದ್ದು ಅಂತೂ ಉಪಯೋಗಕ್ಕೆ ಬಂತಲ್ಲ ಎಂದರು.

ಹಳೆಯ ಬೋರ್ ಇರುವ ಮನೆ ಕೊಂಡವರಿಗೆ ಬೇರೆಯೇ ಒಂದು ಎಚ್ಚರಿಕೆ. ಇಪ್ಪತ್ತು ವರ್ಷದ ಯಂತ್ರ ಕೆಟ್ಟಿತು, ಹೊಸದು ತಂದು ಅದೇ ಬೋರಿಗೆ ಜೋಡಿಸೋಣ ಎನ್ನುತ್ತಾರೆ. ಹಳೆಯದು ಒಂದಕ್ಕೆ 2.7 ಕೊಡುತ್ತಿತ್ತು ಎಂದುಕೊಳ್ಳಿ. 24,000 ಯೂನಿಟ್ ಬಿಸಿಯಲ್ಲಿ ಬಂಡೆಯಿಂದ ಬರುತ್ತಿದ್ದದ್ದು 15,100. ಹೊಸದು ಒಂದಕ್ಕೆ 4 ಕೊಡುತ್ತದೆ. ಕರೆಂಟ್ ಕಡಿಮೆ ತಿನ್ನುತ್ತದೆ ಎಂದರೆ ಉಳಿದದ್ದನ್ನು ಬಂಡೆಯಿಂದಲೇ ಎಳೆಯಬೇಕು: 18,000 ಯೂನಿಟ್. ಹಳೆಯ ಬೋರಿನ ಮೇಲೆ ಭಾರ ಐದನೇ ಒಂದರಷ್ಟು ಹೆಚ್ಚಾಯಿತು. ಒಳ್ಳೆಯ ಯಂತ್ರ ತಂದ ಮೇಲೆಯೇ ಬೋರ್ ಹೆಪ್ಪುಗಟ್ಟಿದ ಮನೆಗಳಿವೆ. ಯಂತ್ರ ಬದಲಿಸುವ ಮುಂಚೆ ಬೋರಿನ ದಾಖಲೆ ತೆಗೆಸಿ ಆಳ ನೋಡಿ. ಸಾಲದಿದ್ದರೆ ಇದ್ದದ್ದನ್ನೇ ಆಳಗೊಳಿಸಬಹುದೇ, ಎರಡನೆಯದು ಬೇಕೇ ಎಂದು ಕೇಳಿ.

ಕೊರೆಯುವುದು ಒಂದೆರಡು ದಿನದ ಕೆಲಸ. ರಿಗ್ ಒಳಬರಲು ಗೇಟಿನ ಅಗಲ ಸಾಕೇ, ಬೂದು ಕೆಸರು ತುಂಬಿಕೊಳ್ಳುವ ಕಂಟೇನರ್ ಯಾರದ್ದು, ಅದನ್ನು ಸಾಗಿಸುವವರು ಯಾರು, ಹಾಳಾದ ಹುಲ್ಲುಹಾಸು ಸರಿಮಾಡುವವರು ಯಾರು, ಎಲ್ಲವೂ ಬರಹದಲ್ಲಿರಲಿ. ಆ ಕೆಸರು ಚರಂಡಿಗೆ ಹರಿಯಬಾರದು. ಅಕ್ಕಪಕ್ಕದಲ್ಲಿ ಕುಡಿಯುವ ನೀರಿನ ಬಾವಿ ಇದ್ದರೆ ಕೆಲವು ದಿನ ನೀರು ರಾಡಿಯಾಗಬಹುದೆಂದು ಅವರಿಗೆ ಮುಂಚೆಯೇ ಹೇಳಿ. ನಾವು ಒಂದು ಡಬ್ಬಿ ಚಕ್ಕುಲಿ ಹಿಡಿದು ಸುತ್ತಿನ ಮೂರು ಮನೆಗೆ ಹೋಗಿ ದಿನ, ಸಮಯ ತಿಳಿಸಿ ಬಂದೆವು. ಎರಡು ದಿನದ ಆ ಸದ್ದಿಗೆ ಯಾರೂ ಬೇಸರಪಡಲಿಲ್ಲ.

ಬೋರ್ ಸಾಧ್ಯವಿಲ್ಲದಿದ್ದರೆ ದೊಡ್ಡ ಅಂಗಳ ಇದ್ದವರು ನೆಲದಲ್ಲಿ ಸುಮಾರು ಒಂದು ಮೀಟರ್ ಆಳಕ್ಕೆ ನೂರಾರು ಮೀಟರ್ ಪೈಪನ್ನು ಹಾವಿನಂತೆ ಹರಡಿ ಹೂಳುತ್ತಾರೆ. ತೇವದ ಮಣ್ಣಾದರೆ ಚೆನ್ನಾಗಿ ನಡೆಯುತ್ತದೆ, ಆದರೆ ಇಡೀ ತೋಟ ಅಗೆಯಬೇಕು. ಕೆರೆಯ ದಡದ ಮನೆಯವರು ಪೈಪಿಗೆ ಭಾರ ಕಟ್ಟಿ ಕೆರೆಯ ತಳಕ್ಕೆ ಇಳಿಸುವುದೂ ಉಂಟು.

ಯಂತ್ರ

ಇದಕ್ಕೆ ಹೆಚ್ಚು ಮಾತು ಬೇಡ. ನೀಬೆ, ಥರ್ಮಿಯಾ, ಸಿಟಿಸಿ, ಐವಿಟಿ, ಇವೆಲ್ಲ ದಶಕಗಳಿಂದ ಇಲ್ಲಿಯ ಚಳಿಗೇ ಮಾಡುತ್ತ ಬಂದಿರುವ ಯಂತ್ರಗಳು. ನಿಮ್ಮ ಊರಿಗೆ ಅರ್ಧ ಗಂಟೆಯಲ್ಲಿ ಬರಬಲ್ಲ ರಿಪೇರಿಯವರು ಯಾವ ಬ್ರ್ಯಾಂಡ್ ನೋಡುತ್ತಾರೋ ಅದನ್ನೇ ಆರಿಸಿ. ಈಗ ಬರುವ ಬಹುತೇಕ ಯಂತ್ರಗಳು ಇನ್ವರ್ಟರ್ ಇರುವಂಥವು. ಅವು ಮನೆಗೆ ಬೇಕಾದಷ್ಟೇ ವೇಗದಲ್ಲಿ ಓಡುತ್ತವೆ, ಪದೇ ಪದೇ ನಿಂತು ಹೊರಡುವುದಿಲ್ಲ. ಯಂತ್ರವನ್ನು ಮಲಗುವ ಕೋಣೆಯ ಗೋಡೆಗೆ ತಾಗಿಸಿ ಇಡಿಸಬೇಡಿ. ಅದರ ಗುಂಯ್‌ಗುಟ್ಟುವಿಕೆ ಹಗಲಲ್ಲಿ ಕೇಳಿಸದಿದ್ದರೂ ನಡುರಾತ್ರಿ ಕೇಳಿಸುತ್ತದೆ.

ಸ್ನಾನದ ನೀರಿಗೆ ಯಂತ್ರದೊಳಗೇ ಸಾಮಾನ್ಯವಾಗಿ 180 ಲೀಟರಿನ ಟ್ಯಾಂಕ್ ಇರುತ್ತದೆ. ನಾಲ್ಕು ಜನಕ್ಕೆ ಸಾಕು. ಊರಿನಿಂದ ಅಪ್ಪ ಅಮ್ಮ ಬಂದು ಮೂರು ತಿಂಗಳು ಇರುವ ಮನೆಯಾದರೆ ದೊಡ್ಡ ಟ್ಯಾಂಕಿನ ಬಗ್ಗೆ ಮೊದಲೇ ಹೇಳಿ. ನರಕ ಚತುರ್ದಶಿಯ ಬೆಳಗ್ಗೆ ಆರು ಜನ ಎಣ್ಣೆಸ್ನಾನಕ್ಕೆ ಸಾಲಾಗಿ ನಿಂತಾಗ 180 ಲೀಟರ್ ಏನೂ ಅಲ್ಲ. ಹೆಚ್ಚುವರಿ ಬಿಸಿನೀರು ಎಂಬ ಆಯ್ಕೆ ಯಂತ್ರದಲ್ಲಿರುತ್ತದೆ, ಹಿಂದಿನ ರಾತ್ರಿಯೇ ಒತ್ತಿಟ್ಟರೆ ಟ್ಯಾಂಕ್ ಇನ್ನಷ್ಟು ಕಾದಿರುತ್ತದೆ. ನೀರಿನಲ್ಲಿ ಬ್ಯಾಕ್ಟೀರಿಯಾ ಬೆಳೆಯದಂತೆ ಟ್ಯಾಂಕನ್ನು ಆಗಾಗ 60 ಡಿಗ್ರಿಗೆ ಕಾಯಿಸುವ ಸೆಟ್ಟಿಂಗ್ ಇರುತ್ತದೆ, ಉಳಿತಾಯಕ್ಕೆಂದು ಅದನ್ನು ಆರಿಸಬೇಡಿ.

ಮೊದಲ ಚಳಿಗಾಲ

ನಮ್ಮ ಮೊದಲ ಜನವರಿಯಲ್ಲಿ ಮನೆ ಬೆಚ್ಚಗೇ ಇತ್ತು, ಬಿಲ್ ಮಾತ್ರ ಲೆಕ್ಕಕ್ಕಿಂತ ಬಹಳ ಹೆಚ್ಚು. ಗಂಟೆಗಂಟೆಯ ಬಳಕೆಯನ್ನು ಕರೆಂಟ್ ಕಂಪನಿಯ ಆ್ಯಪಿನಲ್ಲಿ ತೆಗೆದು ನೋಡಿದೆ. ಹೊರಗೆ ಸೊನ್ನೆಗಿಂತ ಕೆಳಗಿಳಿದ ರಾತ್ರಿಗಳಲ್ಲೆಲ್ಲ ಬಳಕೆ ಒಮ್ಮೆಲೇ ಜಿಗಿಯುತ್ತಿತ್ತು. ಯಂತ್ರದೊಳಗೆ ಒಂದು ಕರೆಂಟ್ ಹೀಟರ್ ಇರುತ್ತದೆ, ಗೀಸರಿನ ಕಾಯಿಲ್ ಇದ್ದಂತೆ. ಕಂಪ್ರೆಸರಿನ ಕೈಯಲ್ಲಿ ಆಗದಷ್ಟು ಚಳಿ ಬಿದ್ದಾಗ ಮಾತ್ರ ಅದು ಹೊತ್ತಿಕೊಳ್ಳಬೇಕು. ಅಳವಡಿಸಿದವರು ಬಿಟ್ಟುಹೋದ ಸೆಟ್ಟಿಂಗಿನಿಂದ ಅದು ಸೊನ್ನೆ ಡಿಗ್ರಿಗೇ ಜೊತೆಗೂಡುತ್ತಿತ್ತು. ಬೋರಿಗೆ ಸುರಿದ ದುಡ್ಡೆಲ್ಲ ಆ ಕಾಯಿಲಿನಲ್ಲಿ ಉರಿದುಹೋಗುತ್ತಿತ್ತು. ನನಗೆ ಸಿಟ್ಟಿಗಿಂತ ಹೆಚ್ಚಾಗಿ ಬೇಸರವಾದದ್ದು, ಮನೆ ಬೆಚ್ಚಗಿದೆಯಲ್ಲ ಎಂದು ಸುಮ್ಮನಿದ್ದಿದ್ದರೆ ವರ್ಷಗಟ್ಟಲೆ ಹೀಗೇ ನಡೆಯುತ್ತಿತ್ತಲ್ಲ ಎಂದು. ಯಂತ್ರದ ಪರದೆಯಲ್ಲಿ ಈ ಹೀಟರ್ ಎಷ್ಟು ಗಂಟೆ ಓಡಿದೆ ಎಂಬ ಅಂಕಿ ಇರುತ್ತದೆ. ಅಳವಡಿಸಿದವರು ಹೊರಡುವ ಮುಂಚೆ ಅದು ಎಲ್ಲಿದೆ ಎಂದು ತೋರಿಸಿಕೊಳ್ಳಿ, ಚಳಿಗಾಲದಲ್ಲಿ ವಾರಕ್ಕೊಮ್ಮೆ ನೋಡಿ.

ಇನ್ನೊಂದು ತಪ್ಪು ನಾವೇ ಮಾಡುವಂಥದು. ಹಳೆಯ ಅಭ್ಯಾಸದಿಂದ ಪ್ರತಿ ರೇಡಿಯೇಟರಿನ ತಿರುಪು ಬಿಗಿದು ಕೋಣೆಯ ಬಿಸಿ ಹದಗೊಳಿಸುತ್ತೇವೆ. ಆಗ ನೀರಿನ ಹರಿವು ಕುಗ್ಗಿ ಯಂತ್ರ ತನ್ನ ಬಿಸಿ ಇಳಿಸಲು ಜಾಗವಿಲ್ಲದೆ ಒತ್ತಡದ ಅಲಾರಂ ಕೊಟ್ಟು ನಿಲ್ಲುತ್ತದೆ. ತಿರುಪುಗಳನ್ನೆಲ್ಲ ಪೂರ್ತಿ ತೆರೆದಿಡಿ. ಹೊರಗಿನ ಚಳಿಗೆ ತಕ್ಕಂತೆ ನೀರು ಎಷ್ಟು ಕಾಯಬೇಕು ಎಂಬ ಗೆರೆಯೊಂದು ಯಂತ್ರದಲ್ಲಿರುತ್ತದೆ, ಅದನ್ನು ಒಂದು ಮೆಟ್ಟಿಲು ಇಳಿಸಿ ಎರಡು ದಿನ ಕಾಯಿರಿ. ಕೋಣೆ ಇನ್ನೂ ಬೆಚ್ಚಗಿದ್ದರೆ ಮತ್ತೊಂದು ಮೆಟ್ಟಿಲು. ಅವಸರ ಬೇಡ, ದಿನಕ್ಕೆ ಮೂರು ಸಲ ತಿರುಗಿಸಿದರೆ ಯಾವುದರಿಂದ ಏನಾಯಿತೆಂದು ಗೊತ್ತಾಗುವುದಿಲ್ಲ. ಹೊರಗಿನ ತಾಪಮಾನ ಅಳೆಯುವ ಸೆನ್ಸರ್ ಉತ್ತರದ ಗೋಡೆಯ ಮೇಲಿರಲಿ, ಬಿಸಿಲು ಬೀಳುವಲ್ಲಿ ಬೇಡ.

ಬೋರಿನಿಂದ ಬರುವ ದ್ರವಕ್ಕೂ ಮರಳಿ ಹೋಗುವ ದ್ರವಕ್ಕೂ ಮೂರು ನಾಲ್ಕು ಡಿಗ್ರಿ ವ್ಯತ್ಯಾಸವಿದ್ದರೆ ಸರಿ. ಐದಾರಕ್ಕೆ ಏರಿದರೆ ಫಿಲ್ಟರ್ ಕಟ್ಟಿಕೊಂಡಿರಬಹುದು ಅಥವಾ ಪೈಪಿನಲ್ಲಿ ಗಾಳಿ ಸೇರಿರಬಹುದು. ಹೊಸ ಅಳವಡಿಕೆಯಲ್ಲಿ ಕೆಲವು ವಾರಗಳ ನಂತರ ಫಿಲ್ಟರ್ ತೆಗೆದು ತೊಳೆಯಲೇಬೇಕು. ಬೋರಿನ ಪೈಪಿನ ಒತ್ತಡ ನಿಧಾನವಾಗಿ ಇಳಿಯುತ್ತಿದ್ದರೆ ಎಲ್ಲೋ ಸೋರುತ್ತಿದೆ ಎಂದರ್ಥ, ಬರೀ ತುಂಬಿಸುತ್ತ ಹೋಗಬೇಡಿ. ಬೇಸಿಗೆಯಲ್ಲಿ ಇದೇ ತಣ್ಣಗಿನ ದ್ರವವನ್ನು ಒಂದು ಫ್ಯಾನ್ ಇರುವ ಪೆಟ್ಟಿಗೆಯ ಮೂಲಕ ಹಾಯಿಸಿ ಮನೆ ತಂಪು ಮಾಡಿಕೊಳ್ಳಬಹುದು. ಮನೆಯ ಸೆಕೆ ಬಂಡೆಗೆ ಹೋಗಿ ಮುಂದಿನ ಚಳಿಗಾಲಕ್ಕೆ ತುಸು ಒದಗುತ್ತದೆ ಕೂಡ.

ಊರಿನ ನೆಂಟರು ಇದನ್ನೆಲ್ಲ ನೋಡಿ ಬೆಂಗಳೂರಿನ ಮನೆಗೂ ಹಾಕಿಸಬಹುದೇ ಎಂದು ಕೇಳುತ್ತಾರೆ. ಬೇಡ. ಅಲ್ಲಿ ಮನೆ ಕಾಯಿಸುವ ಅಗತ್ಯವೇ ಇಲ್ಲ, ಸ್ನಾನದ ನೀರಿಗೆ ಮಾಳಿಗೆಯ ಮೇಲಿನ ಸೋಲಾರ್ ಸಾಕು. ಇರುವ ಬೋರ್‌ಗಳಿಗೆ ಮಳೆನೀರು ಇಂಗಿಸಿದರೆ ಆ ದುಡ್ಡು ಸಾರ್ಥಕ.

ನಮ್ಮ ಯಂತ್ರದ ಬಾಗಿಲಿನ ಒಳಬದಿಗೆ ಒಂದು ಚೀಟಿ ಅಂಟಿಸಿದ್ದೇನೆ. ಪ್ರತಿ ಫೆಬ್ರವರಿ ಕೊನೆಯಲ್ಲಿ, ಬಂಡೆ ಅತಿ ಹೆಚ್ಚು ದಣಿದಿರುವಾಗ, ಬೋರಿನಿಂದ ಮೇಲೆ ಬರುವ ದ್ರವದ ತಾಪಮಾನವನ್ನು ಅದರಲ್ಲಿ ಬರೆಯುತ್ತೇನೆ. ಮೊದಲ ವರ್ಷ 1.4 ಡಿಗ್ರಿ, ಎರಡನೇ ವರ್ಷ 0.8, ಮೂರನೇ ವರ್ಷ 0.7, ಈ ವರ್ಷ ಮತ್ತೆ 0.7. ಇಳಿಕೆ ನಿಂತಿದೆ. ಭಾನುವಾರದ ಫೋನಿನಲ್ಲಿ ಅಪ್ಪನಿಗೆ ಈ ಅಂಕಿ ಓದಿ ಹೇಳಿದೆ. ಅವರು ತಮ್ಮ ಬೋರಿನ ನೀರು ಈಗ ಎಷ್ಟು ಇಂಚು ಬರುತ್ತಿದೆ ಎಂದು ಹೇಳಿದರು.